ಹಬ್ಬದ ದಾರಿಯಲ್ಲಿ ಯಾರೂ ಕಳೆದುಹೋಗದಿರಲಿ

(ಕ್ರಿಸ್ತಜಯಂತಿಗೆ ಮುಂಚಿನ ಭಾನುವಾರ, ಗಂಗಾವತಿ-ಕಾರಟಗಿ ನಡುವಿನ ಸಿದ್ದಾಪುರ ಸುತ್ತಮುತ್ತಲಿನ ಕುಟುಂಬಗಳಿಗೆ ನೀಡಿದ ಪ್ರಬೋಧನೆ)

ಶುಭಸಂದೇಶ: ಲೂಕ 2:41-52



ಸಂತ ಲೂಕರು ತಮ್ಮ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಒಂದು ಹಬ್ಬದ ಪ್ರಯಾಣವನ್ನು ನಮಗೆ ತಿಳಿಸಿದ್ದಾರೆ. ಬಾಲಯೇಸುವಿಗೆ ಆಗ ಹನ್ನೆರಡು ವರ್ಷ. ಪಾಸ್ಕ ಹಬ್ಬಕ್ಕೆಂದು ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಜರೇತಿನಿಂದ ಜೆರುಸಲೇಮಿಗೆ ಹೊರಟರು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನೆಂಟರಿಷ್ಟರು, ಊರಿನವರು ಕೂಡಿಕೊಂಡು ಗುಂಪಾಗಿ ನಡೆಯುತ್ತಿದ್ದ ಕಾಲ. ಹಬ್ಬ ಚೆನ್ನಾಗಿಯೇ ಮುಗಿಯಿತು. ಸಂಕಟ ಬಂದದ್ದು ಮರಳಿ ಬರುವಾಗ. ಒಂದು ಹಗಲಿನ ದಾರಿ ಸಾಗಿದ ಮೇಲೆ ನೋಡುತ್ತಾರೆ, ಮಗ ಇಲ್ಲ! ಬಂಧುಗಳಲ್ಲಿ ಹುಡುಕಿದರು, ಪರಿಚಯದವರಲ್ಲಿ ಹುಡುಕಿದರು, ಕೊನೆಗೆ ಬಂದ ದಾರಿಯಲ್ಲೇ ಹಿಂದಿರುಗಿದರು. ಮೂರು ದಿನಗಳಾದ ಮೇಲೆ ಮಗ ದೇವಾಲಯದಲ್ಲಿ ಸಿಕ್ಕಿದ.

ಈ ಲೋಕದಲ್ಲಿ ಮರಿಯ-ಜೋಸೆಫರಿಗಿಂತ ಹೆಚ್ಚು ಅಕ್ಕರೆಯುಳ್ಳ ತಂದೆತಾಯಿ ಯಾರಿದ್ದಾರೆ? ಅವರಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಮಗ ಗುಂಪಿನಲ್ಲಿ ಎಲ್ಲೋ ಇದ್ದಾನೆ ಎಂದು ಅವರು ಭಾವಿಸಿಕೊಂಡರು, ಅಷ್ಟೇ. ಗುಂಪು ದೊಡ್ಡದಾಗಿತ್ತು, ಮಾತು ನಡೆದಿತ್ತು, ಹಬ್ಬದ ಸಂಭ್ರಮ ಇನ್ನೂ ಇಳಿದಿರಲಿಲ್ಲ. ಆ ಒಂದು 'ಇರಬಹುದು' ಎಂಬ ಎಣಿಕೆ ಮೂರು ದಿನಗಳ ಕಳವಳವಾಯಿತು.

ಪ್ರಿಯರೇ, ಇನ್ನು ಕೆಲವೇ ದಿನಗಳಲ್ಲಿ ನಮ್ಮ ಮನೆಗಳೂ ತುಂಬಲಿವೆ. ಹಬ್ಬದ ಗದ್ದಲದಲ್ಲಿ ನಮ್ಮವರು ಯಾರೂ ಕಳೆದುಹೋಗಬಾರದು. ಮಗು ಕಳೆದುಹೋಗುವುದೊಂದೇ ಅಲ್ಲ. ತುಂಬಿದ ಮನೆಯಲ್ಲೇ ಅಜ್ಜನ ಆರೋಗ್ಯ ಕಳೆದುಹೋಗುತ್ತದೆ, ತಾಯಿಯ ನಿದ್ದೆ ಕಳೆದುಹೋಗುತ್ತದೆ, ಮಗನ ಪ್ರಾಣವೇ ರಸ್ತೆಯಲ್ಲಿ ಕಳೆದುಹೋಗುತ್ತದೆ. ಆದುದರಿಂದ ಇಂದು ನಾನು ನಿಮಗೆ ಹೇಳಬೇಕೆಂದಿರುವುದು ಒಂದೇ ಮಾತು: ಚೆನ್ನಾಗಿರಬಹುದು ಎಂದುಕೊಂಡು ಮುಂದೆ ನಡೆಯಬೇಡಿ. ನಿಲ್ಲಿರಿ, ತಿರುಗಿ ನೋಡಿರಿ, ಬಾಯಿಬಿಟ್ಟು ಕೇಳಿರಿ.

ನಮ್ಮ ಸೀಮೆಯ ಕ್ರಿಸ್ತಜಯಂತಿ

ನಮ್ಮ ಭಾಗದಲ್ಲಿ ಈ ಹಬ್ಬ ಎಂಥ ಹೊತ್ತಿನಲ್ಲಿ ಬರುತ್ತದೆ ನೋಡಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿ ಸೀಮೆ ಭತ್ತದ ಕಣಜವೆನಿಸಿಕೊಂಡಿದೆ. ಮುಂಗಾರಿನ ಭತ್ತದ ಕೊಯ್ಲು, ಒಕ್ಕಣೆ, ಒಣಗಿಸುವುದು, ಮಾರುವುದು ಎಲ್ಲ ಆಗಷ್ಟೇ ಮುಗಿದಿರುತ್ತದೆ, ಇಲ್ಲವೆ ಇನ್ನೂ ನಡೆದಿರುತ್ತದೆ. ಮೈ ದಣಿದಿರುತ್ತದೆ. ಗಂಟಲಲ್ಲಿ ಹೊಟ್ಟಿನ ದೂಳು, ಬೆಳಗಿನ ಚಳಿಗೆ ಕೆಮ್ಮು. ಅಂಥ ಹೊತ್ತಿನಲ್ಲಿ ಬೆಂಗಳೂರಿಗೆ, ಗೋವೆಗೆ, ಮಂಗಳೂರಿಗೆ ದುಡಿಯಲು ಹೋದ ಮಕ್ಕಳು ಊರಿಗೆ ಬರುತ್ತಾರೆ. ಜಲಾಶಯ ಬಂದ ಮೇಲೆ ಇಲ್ಲಿನ ಕ್ಯಾಂಪುಗಳಲ್ಲಿ ನೆಲೆಸಿದ ಮನೆತನಗಳಲ್ಲಿ ಕೆಲವರು ಆಂಧ್ರದ ತಮ್ಮ ಹಿರಿಯರ ಊರುಗಳಿಗೆ ಹೊರಡುತ್ತಾರೆ. ಇನ್ನು ಕೆಲವರು ಬಳ್ಳಾರಿ, ರಾಯಚೂರು, ಮುದಗಲ್ಲಿನ ನೆಂಟರ ಮನೆಗೆ ಹೋಗುತ್ತಾರೆ. 2023ರ ಜೂನ್‌ನಿಂದ ನಮ್ಮ ಅಕ್ಕತಂಗಿಯರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಕಾರಟಗಿಯನ್ನು ದಾಟಿ ರೈಲು ಈಗ ಸಿಂಧನೂರಿನವರೆಗೂ ಓಡುತ್ತಿದೆ. ಹೋಗಿಬರುವುದು ಸುಲಭವಾಯಿತು. ಸುಲಭವಾದಷ್ಟೂ ಜನ ಹೆಚ್ಚು, ನೂಕುನುಗ್ಗಲು ಹೆಚ್ಚು.

ಬರುವವರು ಬರಲಿ, ಹೋಗುವವರು ಹೋಗಲಿ. ಮಾತೆ ಮರಿಯಮ್ಮನವರೂ ಎಲಿಜಬೇತಮ್ಮನವರ ಮನೆಗೆ ಅವಸರದಿಂದ ಗುಡ್ಡಗಾಡು ದಾಟಿ ಹೋದವರೇ. ನೆಂಟರ ಮನೆಗೆ ಹೋಗುವುದು ದೇವರಿಗೆ ಮೆಚ್ಚುಗೆಯಾದ ಕೆಲಸ. ಆದರೆ ಹೋಗುವವರು ಕ್ಷೇಮವಾಗಿ ಹೋಗಬೇಕು, ಕ್ಷೇಮವಾಗಿ ಮರಳಬೇಕು.

ಅಜ್ಜನ ಗುಳಿಗೆ

ಮೊದಲು ಮನೆಯ ಹಿರಿಯರ ಕಡೆ ತಿರುಗಿ ನೋಡೋಣ. ಹೀಗೊಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಜ್ಜನಿಗೆ ಬಿ.ಪಿ. ಇದೆ, ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ. ಮಕ್ಕಳು ಮೊಮ್ಮಕ್ಕಳು ಬಂದಿದ್ದಾರೆ. ಗುಳಿಗೆಯ ಡಬ್ಬಿ ಹಾಸಿಗೆಯ ಸುರುಳಿಯ ಕೆಳಗೆ ಸೇರಿಕೊಂಡಿದೆ. ಹಿರಿಯ ಮಗ, ತಮ್ಮ ಕೊಟ್ಟಿರಬಹುದು ಎಂದುಕೊಂಡ. ತಮ್ಮ, ಅತ್ತಿಗೆ ಕೊಟ್ಟಿರಬಹುದು ಎಂದುಕೊಂಡ. ಅಜ್ಜನನ್ನೇ ಕೇಳಿದರೆ, "ಒಂದ್ ದಿನಕ್ಕ ಏನಾಗತೈತಿ ಬಿಡಪಾ" ಎನ್ನುತ್ತಾರೆ. ಆ ಒಂದು ದಿನ ಎರಡಾಗುತ್ತದೆ, ಹೊಸ ವರ್ಷದವರೆಗೂ ನಡೆಯುತ್ತದೆ.

ಇನ್ನೊಂದು ವಿಷಯವನ್ನು ಹಿರಿಯ ತಾಯಂದಿರು ಕಿವಿಗೊಟ್ಟು ಕೇಳಬೇಕು. ಕ್ರಿಸ್ತಜಯಂತಿಯ ರಾತ್ರಿಯ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಬೇಕೆಂದು ಕೆಲವರು ಮಧ್ಯಾಹ್ನದಿಂದಲೇ ಏನನ್ನೂ ಮುಟ್ಟುವುದಿಲ್ಲ. ಇದು ಹಳೆಯ ಕಾಲದ ಕಟ್ಟುನಿಟ್ಟು. ಹಿಂದೆ ನಡುರಾತ್ರಿಯಿಂದ ನೀರನ್ನೂ ಕುಡಿಯದೆ ಉಪವಾಸವಿರಬೇಕಿತ್ತು ನಿಜ. ನೀರು ಕುಡಿದರೆ ಉಪವಾಸಕ್ಕೆ ಭಂಗವಿಲ್ಲವೆಂದು 1953ರಲ್ಲಿ ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು ತಿಳಿಸಿದರು. 1957ರಲ್ಲಿ ಅವರೇ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಆರನೆಯ ಪೌಲರು ಅದನ್ನು ಒಂದು ಗಂಟೆಗೆ ತಂದರು. ಈಗಿನ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ಕಾನೂನಿನಂತೆ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಆಹಾರ ಬಿಟ್ಟರೆ ಸಾಕು. ನೀರಿಗೂ ಔಷಧಿಗೂ ಯಾವ ಹೊತ್ತಿನಲ್ಲೂ ಅಡ್ಡಿಯಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರ ಆರೈಕೆಯಲ್ಲಿರುವವರಿಗೆ ಆ ಒಂದು ಗಂಟೆಯ ನಿಯಮವೂ ಇಲ್ಲ.

ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಊಟ ಮಾಡದಿದ್ದರೆ ರಕ್ತದಲ್ಲಿ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಮೈ ಬೆವರುತ್ತದೆ, ಕೈ ನಡುಗುತ್ತದೆ, ತಲೆ ಸುತ್ತುತ್ತದೆ, ಮಾತು ತಪ್ಪುತ್ತದೆ. ಗುಡಿಯಲ್ಲಿ ಹಾಗೆ ಕುಸಿದವರನ್ನು ಕಂಡು, ಜನಸಂದಣಿಗೆ ಹೀಗಾಯಿತು ಎಂದು ಬರೀ ಗಾಳಿ ಬೀಸುತ್ತ ಕೂರಬೇಡಿ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಆಮೇಲೆ ತಿನ್ನಲು ಏನಾದರೂ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಯಾಣ ಹೊರಟವರು ಔಷಧಿಯನ್ನು ಬಸ್ಸಿನ ಮೇಲಿನ ಗಂಟಿನಲ್ಲಿ ಕಟ್ಟಬೇಡಿ, ಕೈಚೀಲದಲ್ಲಿಡಿ. ಎಷ್ಟು ದಿನದ ಪ್ರಯಾಣವೋ ಅದಕ್ಕಿಂತ ಎರಡು ಮೂರು ದಿನಕ್ಕೆ ಹೆಚ್ಚಿರಲಿ. ವೈದ್ಯರ ಚೀಟಿಯೂ ಜೊತೆಗಿರಲಿ. ಉಬ್ಬಸದವರು ಪಂಪನ್ನು ಮರೆಯಬಾರದು. ಕ್ರಿಸ್ತಜಯಂತಿಯ ದಿನ ಮನೆಯಲ್ಲಿ ಒಬ್ಬರಿಗೆ ಈ ಹೊಣೆ ಒಪ್ಪಿಸಿ. ಹತ್ತು ಹನ್ನೆರಡು ವರ್ಷದ ಮೊಮ್ಮಗನಿಗೇ ಒಪ್ಪಿಸಿ. ಅವನು ಬೆಳಿಗ್ಗೆ ರಾತ್ರಿ ಹೋಗಿ, "ಅಜ್ಜಾ, ಗುಳಿಗಿ ತಗೊಂಡಿಯೇನು?" ಎಂದು ಕೇಳಲಿ. ಗೋದಲಿಯ ಮುಂದೆ ಹಚ್ಚುವ ಮೇಣದ ಬತ್ತಿಯಷ್ಟೇ ಇದೂ ಭಕ್ತಿಯ ಕೆಲಸ.

"ಹಬ್ಬ ಮುಗೀಲಿ" ಎಂಬ ಮಾತು

ಸ್ವೀಡನ್ ದೇಶದ ವೈದ್ಯರು 1998ರಿಂದ 2013ರವರೆಗೆ ತಮ್ಮ ದೇಶದಲ್ಲಿ ದಾಖಲಾದ 2,83,000 ಹೃದಯಾಘಾತಗಳ ಲೆಕ್ಕ ತೆಗೆದರು. 2018ರ ಡಿಸೆಂಬರಿನಲ್ಲಿ ಬಿ.ಎಂ.ಜೆ. ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ವರ್ಷದಲ್ಲಿ ಅತಿ ಹೆಚ್ಚು ಅಪಾಯ ಕಂಡದ್ದು ಯಾವ ದಿನ ಗೊತ್ತೇ? ಡಿಸೆಂಬರ್ 24. ಅಕ್ಕಪಕ್ಕದ ದಿನಗಳಿಗಿಂತ ಶೇ. 37ರಷ್ಟು ಹೆಚ್ಚು. ಅದರಲ್ಲೂ ರಾತ್ರಿ 10 ಗಂಟೆಯ ಸುಮಾರಿಗೆ. 75 ದಾಟಿದವರಲ್ಲಿ, ಸಕ್ಕರೆ ಕಾಯಿಲೆ ಮತ್ತು ಹೃದಯದ ಕಾಯಿಲೆ ಮೊದಲೇ ಇದ್ದವರಲ್ಲಿ ಇದು ಎದ್ದುಕಂಡಿತು. ಅದು ಹಿಮದ ದೇಶ, ನಮ್ಮದು ಬಿಸಿಲಿನ ನಾಡು. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೆಯೇ ಹೊಂದುತ್ತದೆಂದು ಹೇಳಲಾಗದು. ಆದರೂ ಹಬ್ಬದ ರಾತ್ರಿ ಎಲ್ಲ ಮನೆಗಳಲ್ಲೂ ಇರುವ ಓಡಾಟ, ಉದ್ವೇಗ, ತಡವಾದ ಭಾರಿ ಊಟ, ಕುಡಿತ, ಕೆಟ್ಟ ನಿದ್ದೆ ಇವು ನಮಗೇನು ಹೊಸವಲ್ಲ.

ಇದಕ್ಕಿಂತ ಅಪಾಯದ್ದು ನಮ್ಮ ಒಂದು ಮಾತು: "ಹಬ್ಬ ಮುಗೀಲಿ, ಆಮ್ಯಾಲ ತೋರಿಸಿದ್ರಾತು." ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ಉಸಿರು ಕಟ್ಟಿದರೆ, ಅದನ್ನು ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಈ ಎರಡರಲ್ಲೂ ಹೋಗುವ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಕೂಡಲೇ 108ಕ್ಕೆ ಕರೆಮಾಡಿ. ನಮ್ಮ ರಾಜ್ಯದಲ್ಲಿ 2023ರಿಂದ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ರಕ್ತದ ಗಟ್ಟನ್ನು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಿದ್ದಾರೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂಬುದನ್ನು ಹಬ್ಬಕ್ಕೆ ಮೊದಲೇ ಕೇಳಿ ಇಟ್ಟುಕೊಳ್ಳಿ.

ಆ ರಾತ್ರಿ ಆಸ್ಪತ್ರೆಗೆ ಹೋದರೆ ಬಲಿಪೂಜೆ ತಪ್ಪುತ್ತದಲ್ಲಾ ಎಂದು ಹೆದರಬೇಡಿ. ಅಸ್ವಸ್ಥರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಧರ್ಮಸಭೆ ಆ ಹೊಣೆಯಿಂದ ಬಿಡಿಸಿದೆ. ತಿಳಿಸಿದರೆ ಗುರುಗಳೇ ಪರಮಪ್ರಸಾದವನ್ನು ಹಾಸಿಗೆಯ ಬಳಿಗೆ ತರುತ್ತಾರೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಓದಿ ನೋಡಿ. ವೈದ್ಯನನ್ನು ಗೌರವಿಸಬೇಕು, ಅವನನ್ನು ಸೃಷ್ಟಿಸಿದವರು ದೇವರೇ, ಔಷಧಿಯನ್ನು ಭೂಮಿಯಿಂದ ಬೆಳೆಸಿದವರೂ ಅವರೇ ಎಂದು ಅಲ್ಲಿ ತಿಳಿಸಲಾಗಿದೆ. ಪ್ರಾರ್ಥನೆ ಮಾಡು, ವೈದ್ಯನಿಗೂ ಸ್ಥಳ ಕೊಡು ಎಂಬುದೇ ಆ ಅಧ್ಯಾಯದ ಬೋಧನೆ.

ದಾರಿಯಲ್ಲಿ

ಇನ್ನು ರಸ್ತೆಗೆ ಬರೋಣ. ಹಬ್ಬದ ವಾರದಲ್ಲಿ ನಮ್ಮ ಯುವಕರಿಗೆ ಬೈಕು ಸಿಕ್ಕರೆ ರೆಕ್ಕೆ ಬಂದಂತೆ. ಒಂದು ಬೈಕಿನ ಮೇಲೆ ಮೂವರು, ನಡುವೆ ಕೇಕಿನ ಡಬ್ಬಿ, ತಲೆಗೆ ಹೆಲ್ಮೆಟ್ ಇಲ್ಲ. ಓಡಿಸುವವನಿಗೆ ಮಾತ್ರವಲ್ಲ, ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕೆಂಬುದು ಕಾನೂನು. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕೂಡಿಸಿಕೊಂಡರೆ ಅದಕ್ಕೆ ಸುರಕ್ಷಾ ಪಟ್ಟಿ ಮತ್ತು ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ.

ಸುಗ್ಗಿಯ ಕಾಲದಲ್ಲಿ ನಮ್ಮ ರಸ್ತೆಗಳ ಅಪಾಯವನ್ನು ಹೊರಗಿನಿಂದ ಬಂದವರು ಅರಿಯರು. ಹಿಂಬದಿಯಲ್ಲಿ ದೀಪವಿಲ್ಲದ ಹುಲ್ಲಿನ ಟ್ರ್ಯಾಕ್ಟರು ಕತ್ತಲಲ್ಲಿ ನಿಂತಿರುತ್ತದೆ. ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿ, ಸುತ್ತ ಕಲ್ಲು ಇಟ್ಟಿರುತ್ತಾರೆ. ಬೈಕಿನ ಗಾಲಿ ಕಾಳಿನ ಮೇಲೆ ಹೋದರೆ ಜಾರುತ್ತದೆ. ಆದ್ದರಿಂದ ಊರಿಗೆ ಬರುವ ಮಕ್ಕಳಿಗೆ ಮೊದಲೇ ಹೇಳಿ, ಕತ್ತಲಲ್ಲಿ ಬರಬೇಡಿ, ಹಗಲು ಬನ್ನಿ ಎಂದು. ಒಕ್ಕಲುತನ ಮಾಡುವ ನನ್ನ ಸಹೋದರರೇ, ನಿಮ್ಮಲ್ಲಿಯೂ ನನ್ನ ಬೇಡಿಕೆ. ಟ್ರೇಲರಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ, ಕತ್ತಲಾಗುವ ಮುನ್ನ ರಸ್ತೆಯ ಕಲ್ಲುಗಳನ್ನು ತೆಗೆಯಿರಿ. ಅಲ್ಲಿ ಬಿದ್ದು ಸಾಯುವವನು ಯಾರದೋ ಮನೆಯವರು ದೀಪ ಹಚ್ಚಿಕೊಂಡು ಕಾಯುತ್ತಿರುವ ಮಗನಾಗಿರುತ್ತಾನೆ.

ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುವವರು, ಕೆಲಸ ಮುಗಿಸಿ ರಾತ್ರಿಯೇ ಹೊರಟು ಬೆಳಗಾಗುವುದರೊಳಗೆ ಊರು ಸೇರೋಣ ಎನ್ನುತ್ತಾರೆ. ಎಲ್ಲರೂ ಮಲಗುತ್ತಾರೆ, ಓಡಿಸುವವನು ಎಚ್ಚರವಾಗಿದ್ದಾನೆ ಎಂದುಕೊಳ್ಳುತ್ತಾರೆ. ಇದೂ ಅದೇ 'ಇರಬಹುದು'. ನಡುರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ನಿದ್ದೆ ತಾನಾಗಿ ಎಳೆಯುತ್ತದೆ, ಚಹಾ ಕುಡಿದು ಅದನ್ನು ಗೆಲ್ಲಲಾಗದು. ಎರಡು ಗಂಟೆಗೊಮ್ಮೆ ನಿಲ್ಲಿಸಿ. ಕಣ್ಣು ಎಳೆದರೆ ಬೆಳಕಿರುವ ಜಾಗದಲ್ಲಿ ಗಾಡಿ ನಿಲ್ಲಿಸಿ ಮಲಗಿ. ಮೂವರು ಜ್ಞಾನಿಗಳು ಬೆತ್ಲೆಹೇಮಿನಿಂದ ಬಂದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹಿಂದಿರುಗಿದರು. ಪ್ರಾಣ ಉಳಿಸಲು ದಾರಿಯನ್ನೇ ಬದಲಿಸಬಹುದಾದರೆ ಹೊತ್ತನ್ನು ಬದಲಿಸಲಾರೆವೇ?

ಬಸ್ಸಿನಲ್ಲಿ ಬರುವವರಿಗೂ ಒಂದೆರಡು ಮಾತು. ನಾಲ್ಕು ಗಂಟೆಗೂ ಹೆಚ್ಚು ಕಾಲ ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಇದು ಎಲ್ಲರಿಗೂ ಆಗುವಂಥದ್ದಲ್ಲ, ಆದರೆ ತಡೆಯುವುದು ಸುಲಭ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ, ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ನಮ್ಮ ಅಕ್ಕತಂಗಿಯರು ದಾರಿಯಲ್ಲಿ ಶೌಚಾಲಯ ಸಿಗದೆಂದು ಇಡೀ ರಾತ್ರಿ ನೀರೇ ಕುಡಿಯುವುದಿಲ್ಲ. ಇದರಿಂದ ಮೂತ್ರದ ಸೋಂಕು, ತಲೆನೋವು, ಹಬ್ಬದ ದಿನವೇ ಜ್ವರ. ಜೊತೆಯಲ್ಲಿರುವ ಗಂಡಸರೇ, ಅವರು ಕೇಳುವವರೆಗೆ ಕಾಯಬೇಡಿ. ನೀವೇ ಎದ್ದು ಚಾಲಕರಿಗೆ ಹೇಳಿ ಬಸ್‌ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲಿಸಿಕೊಳ್ಳಿ.

ಮಕ್ಕಳ ಬಗ್ಗೆ ಒಂದು ಎಚ್ಚರಿಕೆ. ಪಟ್ಟಣದಿಂದ ಬಂದ ಮೊಮ್ಮಕ್ಕಳಿಗೆ ಕಾಲುವೆ ಎಂದರೆ ಆಟದ ಜಾಗ. ನೀರು ಬಿಟ್ಟ ದಿನಗಳಲ್ಲಿ ಅದರ ಸೆಳವು ಮೇಲೆ ಕಾಣುವುದಿಲ್ಲ, ಪಾಚಿಗಟ್ಟಿದ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ, ಒಳಗೆ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ದೊಡ್ಡವರು ಒಬ್ಬರು ಇಲ್ಲದೆ ಮಕ್ಕಳು ಕಾಲುವೆಯ ಕಡೆ ಹೋಗಕೂಡದು. ಊಟಕ್ಕೆ ಕೂಡಿಸುವಾಗಲೆಲ್ಲ ಮಕ್ಕಳನ್ನು ಎಣಿಸಿ. ಮರಿಯ-ಜೋಸೆಫರು ಸಂಜೆಯಾದ ಮೇಲೆ ಎಣಿಸಿದರು, ನೀವು ಮಧ್ಯಾಹ್ನವೇ ಎಣಿಸಿ.

ದಾರಿಯಲ್ಲಿ ಬೇರೆಯವರು ಬಿದ್ದಿದ್ದರೆ? ಪೊಲೀಸರ ಗೊಡವೆ ಬೇಡವೆಂದು ದಾಟಿಹೋಗುವುದು ಜೆರಿಕೋ ದಾರಿಯ ಯಾಜಕನ ಕೆಲಸ. ಗಾಯಾಳುವಿಗೆ ನೆರವಾದವರನ್ನು ಕಾಡಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಅದು ಮೋಟಾರು ವಾಹನ ಕಾಯಿದೆಯಲ್ಲೇ ಸೇರಿದೆ. ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂದೂ ಇಲ್ಲ. ದಯಾಳು ಸಮಾರಿಯನಿಗೆ ಇಂದು ಕಾನೂನಿನ ಆಸರೆಯೂ ಇದೆ.

ಅಡುಗೆಮನೆಯಲ್ಲಿ

ತುಂಬಿದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಳೆದುಹೋಗುವವಳು ತಾಯಿ. ಕರ್ಚಿಕಾಯಿ, ಚಕ್ಕುಲಿ, ಶಂಕರಪೋಳಿ ಎಂದು ವಾರದಿಂದ ಎಣ್ಣೆಯ ಬಾಣಲೆಯ ಮುಂದೆ ನಿಂತಿರುತ್ತಾಳೆ. ಹಬ್ಬದ ದಿನ ಎಲ್ಲರಿಗಿಂತ ಮುಂಚೆ ಎದ್ದು, ಎಲ್ಲರಿಗಿಂತ ಕೊನೆಗೆ ಉಣ್ಣುತ್ತಾಳೆ. ಅವಳಿಗೆ ಸಂತೋಷವೇ ಇರಬಹುದು ಎಂದು ನಾವೆಲ್ಲ ಎಣಿಸಿರುತ್ತೇವೆ.

ಮಾರ್ತಳ ಕತೆ ನಿಮಗೆ ಗೊತ್ತು. ಹಲವು ಕೆಲಸಗಳಲ್ಲಿ ಸಿಕ್ಕಿ ಕಳವಳಗೊಂಡಿದ್ದಾಳೆಂದು ಪ್ರಭು ಅವಳನ್ನು ಹೆಸರಿಡಿದು ಎರಡು ಸಲ ಕರೆದರು. ನಾವು ಗಂಡಸರು ಈ ಕತೆ ಕೇಳಿ, ಮಾರ್ತ ಗೊಣಗಬಾರದಿತ್ತು ಎಂದು ತೀರ್ಪು ಹೇಳಿ, ಮತ್ತೊಂದು ಲೋಟ ಚಹಾ ಕೇಳುತ್ತೇವೆ! ಮಾರ್ತಳೂ ಪ್ರಭುವಿನ ಪಾದದ ಬಳಿ ಕೂರಬೇಕಾದರೆ ಯಾರಾದರೂ ಪಾತ್ರೆ ತೊಳೆಯಬೇಕಲ್ಲವೇ? ಈ ಹಬ್ಬಕ್ಕೆ ನೀರು ತುಂಬುವುದು, ಎಲೆ ಎತ್ತುವುದು, ಪಾತ್ರೆ ತಿಕ್ಕುವುದು ಗಂಡುಮಕ್ಕಳ ಪಾಲಿಗಿರಲಿ. ಹತ್ತು ಬಗೆಯ ಬದಲು ನಾಲ್ಕು ಬಗೆ ಸಾಕು. ಮಧ್ಯಾಹ್ನ ಒಂದು ಗಂಟೆ ಅವಳು ಮಲಗಲಿ. ಮಗ ಹೋಗಿ, "ಯವ್ವಾ, ನೀ ಉಂಡಿಯೇನು?" ಎಂದು ಕೇಳಲಿ.

ಅಡುಗೆಯ ವಿಷಯದಲ್ಲಿ ಒಂದು ಗಟ್ಟಿ ನಿಯಮ ಇಟ್ಟುಕೊಳ್ಳಿ. ಬೇಯಿಸಿದ ಆಹಾರ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಹಾಗೆಯೇ ಇರಬಾರದು. ಒಂದೋ ಹಬೆಯಾಡುವಷ್ಟು ಬಿಸಿಯಾಗಿರಬೇಕು, ಇಲ್ಲವೇ ಬೇಗ ತಣಿಸಿ ಫ್ರಿಜ್ಜಿನಲ್ಲಿಡಬೇಕು. ಭತ್ತದ ನಾಡಿನವರಾದ ನಾವು ಅನ್ನದ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ರೋಗಾಣುವಿನ ಬೀಜ ಕುದಿಸಿದರೂ ಸಾಯದೆ ಉಳಿಯಬಹುದು. ಮಧ್ಯಾಹ್ನದ ಪಲಾವನ್ನು ದೊಡ್ಡ ಹಂಡೆಯಲ್ಲೇ ಮುಚ್ಚಿಟ್ಟರೆ ಒಳಗಿನ ಬೆಚ್ಚಗೆಯಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿಮಾಡಿದರೂ ಆ ವಿಷ ಹೋಗುವುದಿಲ್ಲ. ಆದ್ದರಿಂದ ಉಳಿಯದಷ್ಟೇ ಮಾಡಿ. ಉಳಿದರೆ ಬಿಸಿ ಇರುವಾಗಲೇ ನೆರೆಮನೆಗೆ ಹಂಚಿ.

ವಾಂತಿಭೇದಿ ಹಿಡಿದರೆ ಓ.ಆರ್.ಎಸ್. ಪುಡಿಯ ಪೊಟ್ಟಣ ಮನೆಯಲ್ಲಿರಲಿ. ಅದು ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿ. ಬಸ್‌ನಿಲ್ದಾಣದಲ್ಲಿ ಸಿಗುವ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಸರಿಯಾದ ಅಳತೆಯಿಲ್ಲದ ಪಾನೀಯಗಳು ಓ.ಆರ್.ಎಸ್. ಎಂಬ ಹೆಸರು ಹಾಕಿಕೊಳ್ಳಬಾರದೆಂದು 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದೆ.

ಊಟದ ಸಾಲಿನಲ್ಲಿ

ಹಬ್ಬದ ಊಟ ದೇವರ ಕೊಡುಗೆ, ಸಂತೋಷದಿಂದ ಉಣ್ಣೋಣ. ಸಿರಾಖನ ಗ್ರಂಥದ 31ನೆಯ ಅಧ್ಯಾಯ ಔತಣದ ಪಂಕ್ತಿಯಲ್ಲಿ ಹೇಗೆ ಕೂರಬೇಕೆಂದು ನಮ್ಮ ಹಿರಿಯರು ಹೇಳಿಕೊಟ್ಟಂತೆಯೇ ಹೇಳಿಕೊಡುತ್ತದೆ. ಮಿತವಾಗಿ ಉಂಡವನಿಗೆ ಸೊಗಸಾದ ನಿದ್ದೆ, ಅತಿಯಾಗಿ ಉಂಡವನಿಗೆ ಹೊಟ್ಟೆನುಲಿ ಎಂಬುದು ಅದರ ಸಾರ. ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿಗಳಲ್ಲಿ ಉಪ್ಪು ಸೇರುತ್ತಲೇ ಹೋಗುತ್ತದೆ. ದಿನಕ್ಕೆ ಒಬ್ಬರಿಗೆ ಒಂದು ಚಹಾ ಚಮಚದಷ್ಟು, ಅಂದರೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಸಾಕು ಎಂದವರ ಎಲೆಗೆ ಬಲವಂತವಾಗಿ ಬಡಿಸಬೇಡಿ. "ನನ್ನ ಆಣಿ ಐತಿ, ಇನ್ನೊಂದ್ ಹೋಳಿಗಿ" ಎಂದು ಸಕ್ಕರೆ ಕಾಯಿಲೆಯ ಭಾವನಿಗೆ ಬಡಿಸುವುದು ಪ್ರೀತಿಯಂತೆ ಕಂಡರೂ ಅವರ ಮೈಗೆ ಪೆಟ್ಟು.

ಕುಡಿತದ ವಿಷಯ ಎತ್ತಿದರೆ ಕೆಲವರು ಕಾನಾ ಊರಿನ ಮದುವೆಯನ್ನು ನೆನಪಿಸುತ್ತಾರೆ. ಪ್ರಭುವೇ ನ���ರನ್ನು ದ್ರಾಕ್ಷಾರಸ ಮಾಡಲಿಲ್ಲವೇ ಎನ್ನುತ್ತಾರೆ. ಪ್ರಿಯರೇ, ಕಾನಾದಲ್ಲಿ ಪ್ರಭು ಒಂದು ಕುಟುಂಬವನ್ನು ಹತ್ತು ಜನರ ಮುಂದಿನ ಅವಮಾನದಿಂದ ಉಳಿಸಿದರು. ಹಬ್ಬದ ದಿನ ಕುಡಿದು ಬೀಳುವವನು ಆ ಅವಮಾನವನ್ನೇ ಮನೆಗೆ ಹೊತ್ತು ತರುತ್ತಾನೆ. ಕೊರಿಂಥದ ಕ್ರೈಸ್ತರು ಒಟ್ಟುಗೂಡಿದಾಗ ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಅಮಲೇರಿರುತ್ತಿದ್ದ. ಸಂತ ಪೌಲರು ಅದನ್ನು ಕಂಡು ಎಷ್ಟು ನೊಂದರೆಂಬುದು ಅವರ ಪತ್ರದಲ್ಲೇ ಇದೆ. ಹಬ್ಬದ ದಿನಗಳಲ್ಲಿ ವಿಪರೀತ ಕುಡಿದವರ ಹೃದಯದ ಬಡಿತ ಲಯ ತಪ್ಪುವುದನ್ನು 1978ರಲ್ಲಿ ಅಮೆರಿಕದ ವೈದ್ಯರು ಗುರುತಿಸಿ, ಅದಕ್ಕೆ ಹಬ್ಬದ ಹೃದಯ ಎಂಬ ಅರ್ಥದ ಹೆಸರನ್ನೇ ಇಟ್ಟರು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಇದ್ದು ಗಾಡಿ ಓಡಿಸಿದರೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಕುಡಿದವನ ಕೈಯಿಂದ ಗಾಡಿಯ ಕೀಲಿ ಕಿತ್ತುಕೊಳ್ಳುವ ತಾಯಿ, ಹೆಂಡತಿ, ಗೆಳೆಯ ಯಾರೇ ಆಗಲಿ, ಆ ರಾತ್ರಿ ದೇವದೂತರ ಕೆಲಸ ಮಾಡುತ್ತಾರೆ.

ಮನಸ್ಸಿನ ವಿಶ್ರಾಂತಿ

ಕೊನೆಯದಾಗಿ ಮನಸ್ಸು. ಎಲ್ಲರೂ ನಗುವ ಮನೆಯಲ್ಲಿ ಒಬ್ಬರು ಮೌನವಾಗಿರುತ್ತಾರೆ. ಕಳೆದ ವರ್ಷ ಗಂಡನನ್ನು ಕಳೆದುಕೊಂಡ ಅಕ್ಕ, ಕೆಲಸ ಹೋದ ತಮ್ಮ, ಸಂಘದ ಕಂತು ಕಟ್ಟಲಾಗದೆ ಮಕ್ಕಳಿಗೆ ಹೊಸ ಬಟ್ಟೆ ತರದ ತಂದೆ. ನಾವೋ ಅವರ ಮುಂದೆ ಕೂತು, ಮದುವೆ ಯಾವಾಗ, ಮಕ್ಕಳಾಗಲಿಲ್ಲವೇ, ಸಂಬಳ ಎಷ್ಟು ಎಂದು ಕೇಳುತ್ತೇವೆ. ಈ ಪ್ರಶ್ನೆಗಳನ್ನು ಈ ಸಲ ಮನೆಯ ಹೊರಗೆ ಚಪ್ಪಲಿಯ ಜೊತೆ ಬಿಟ್ಟುಬನ್ನಿ. ಆಸ್ತಿಯ ಪಾಲು, ಹಳೆಯ ಜಗಳ ಇವುಗಳಿಗೆ ಬೇರೆ ದಿನ ಇಟ್ಟುಕೊಳ್ಳಿ. ಬದುಕೇ ಬೇಸರವಾಗಿದೆ ಎಂದು ಯಾರಾದರೂ ನುಡಿದರೆ ನಕ್ಕು ಬಿಡಬೇಡಿ, ಪಕ್ಕದಲ್ಲಿ ಕೂತು ಕೇಳಿ. 2022ರಿಂದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು.

ದಣಿದವರನ್ನು ದೇವರು ಹೇಗೆ ಕಾಣುತ್ತಾರೆ ನೋಡಿ. ಪ್ರವಾದಿ ಎಲೀಯ ಸೋತು, ಸಾವನ್ನೇ ಬೇಡಿಕೊಂಡು ಒಂದು ಗಿಡದ ಕೆಳಗೆ ಮಲಗಿದ. ದೇವರು ಅವನಿಗೆ ಬೋಧನೆ ಮಾಡಲಿಲ್ಲ, ಗದರಲೂ ಇಲ್ಲ. ಮೊದಲು ನಿದ್ದೆ ಕೊಟ್ಟರು. ಆಮೇಲೆ ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟರು. ಮತ್ತೆ ಮಲಗಿಸಿ ಮತ್ತೆ ಉಣಿಸಿದರು. ದಾರಿ ದೂರವಿದೆ ಎಂಬುದು ದೇವದೂತನಿಗೆ ಗೊತ್ತಿತ್ತು. ಪ್ರಭು ಯೇಸು ಕೂಡ, ಜನರ ಹೋಗುಬರುವಿನಲ್ಲಿ ಉಣ್ಣಲೂ ಬಿಡುವಿಲ್ಲದ ತಮ್ಮ ಶಿಷ್ಯರನ್ನು ನಿರ್ಜನ ಸ್ಥಳಕ್ಕೆ ಕರೆದು ವಿಶ್ರಮಿಸಿಕೊಳ್ಳಲು ಹೇಳಿದರು. ವಿಶ್ರಾಂತಿ ಸೋಮಾರಿತನವಲ್ಲ. ದಣಿದ ಮೈ ಪವಿತ್ರಾತ್ಮರ ದೇವಾಲಯ. ಆ ದೇವಾಲಯಕ್ಕೂ ಬೀಗ ಹಾಕಿ ದೀಪ ಆರಿಸುವ ಹೊತ್ತು ಬೇಕು.

ಪ್ರಿಯ ಕುಟುಂಬಗಳೇ, ಈ ವಾರ ಗೋದಲಿ ಕಟ್ಟುವ ಸಂಜೆ ಮನೆಯವರೆಲ್ಲ ಹತ್ತು ನಿಮಿಷ ಅದರ ಮುಂದೆ ಕೂರಿ. ಯಾರು ಯಾವಾಗ ಬರುತ್ತಾರೆ, ಯಾರು ಗಾಡಿ ಓಡಿಸುತ್ತಾರೆ, ಗುಳಿಗೆಯ ಹೊಣೆ ಯಾರದು, ಮಕ್ಕಳನ್ನು ಯಾರು ನೋಡುತ್ತಾರೆ, ಅವ್ವನಿಗೆ ಬಿಡುವು ಯಾವಾಗ, ಈ ಐದನ್ನು ಹೆಸರಿಟ್ಟು ಹಂಚಿಕೊಳ್ಳಿ. ಗೋಡೆಯ ಕ್ಯಾಲೆಂಡರಿನ ಮೇಲೆ 108 ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಆಮೇಲೆ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯ ಪ್ರಾರ್ಥಿಸಿ.

ಮಗ ಸಿಕ್ಕ ಮೇಲೆ ಆ ಮೂವರೂ ನಜರೇತಿಗೆ ಮರಳಿದರು. ಅಲ್ಲಿ ಯೇಸು ಜ್ಞಾನದಲ್ಲಿಯೂ ದೇಹದಲ್ಲಿಯೂ ಬೆಳೆಯುತ್ತ ದೇವರಿಗೂ ಜನರಿಗೂ ಅಚ್ಚುಮೆಚ್ಚಿನವರಾದರೆಂದು ಸಂತ ಲೂಕರು ತಿಳಿಸುತ್ತಾರೆ. ಹುಡುಕುವ ತಂದೆತಾಯಿ ಇದ್ದುದರಿಂದ ಆ ಮನೆ ಉಳಿಯಿತು. ನಮ್ಮ ಮನೆಗಳಲ್ಲೂ ಒಬ್ಬರನ್ನೊಬ್ಬರು ಹುಡುಕುವ, ಕೇಳುವ, ಕಾಯುವ ಪ್ರೀತಿ ಇರಲಿ. ಹಬ್ಬಕ್ಕೆ ಬಂದವರೆಲ್ಲ ಬಂದಷ್ಟೇ ಆರೋಗ್ಯವಾಗಿ ತಮ್ಮ ತಮ್ಮ ಮನೆ ಸೇರಲಿ. ದಾರಿಯುದ್ದಕ್ಕೂ ಆರೋಗ್ಯ ಮಾತೆಯ ಆಸರೆ, ಸಂತ ಜೋಸೆಫರ ಕಾವಲು ನಿಮ್ಮೊಡನಿರಲಿ.

ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು. ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ, ಆಮೆನ್.